ಮಾವನ ಗಾಡಿಗೆ ಒಂದು ಆಯಿಲ್ ಕೂಲರ್

ಈ ಲೇಖನದಲ್ಲಿ ನಾವು ಅಂದರೆ ಮೂವರು. ಒಬ್ಬ ಪುತ್ತೂರಿನವ, ಒಬ್ಬ ಸುಳ್ಯದವ, ಒಬ್ಬ ಕಡಬದವ. ಮೂವರೂ ಮೆಕ್ಯಾನಿಕಲ್ ಸೆಕೆಂಡ್ ಇಯರ್, ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಗೇರ್‌ಬಾಕ್ಸ್ ಬಗ್ಗೆ ಬರೆಯಬಹುದಾ ಅಂತ ಸಂಘದ ಎಡಿಟರ್ ಹತ್ತಿರ ಕೇಳಿದಾಗ, "ಗ್ಯಾರೇಜಲ್ಲಿ ಇಡೀ ದಿನ ಯಾವ ಭಾಷೆಯಲ್ಲಿ ಮಾತಾಡಿದ್ರಿ? ಅದರಲ್ಲೇ ಬರೀರಿ" ಅಂದರು. ಅಲ್ಲಿ ಮಾತಾಡಿದ್ದರಲ್ಲಿ ಅರ್ಧ ತುಳು. ಉಳಿದರ್ಧ ಇಲ್ಲಿದೆ.

ವಿಷಯ ನಮ್ಮಲ್ಲಿ ಕಡಬದವನ ಮಾವನ ಗಾಡಿಯದ್ದು. ಮಾವನಿಗೆ ಅಡಿಕೆ ತೋಟ, ಗುಡ್ಡದಲ್ಲಿ ಸ್ವಲ್ಪ ರಬ್ಬರ್. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗಾಲಿನ ಮಂಡಿ ಹೋಯಿತು. ಆಪರೇಷನ್ ಆಯಿತು, ನಡೆಯುತ್ತಾರೆ, ಆದರೆ ಕ್ಲಚ್ ತುಳಿಯಲಿಕ್ಕೆ ಆಗುವುದಿಲ್ಲ. ಇದ್ದ ಜೀಪನ್ನು ಕೊಟ್ಟರು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಒಂದು ದೊಡ್ಡ ಗಾಡಿ ತಂದರು: 2010ರ ಮಾಡೆಲ್, ಡೀಸೆಲ್, ಫೋರ್ ವೀಲ್, ಐದು ಗೇರಿನ ಆಟೊಮ್ಯಾಟಿಕ್. ನೋಡಲಿಕ್ಕೆ ಕಾರಿನ ಹಾಗೆ, ಆದರೆ ಅಡಿಯಲ್ಲಿರುವುದು ಪಿಕಪ್ ಲಾರಿಯ ಚಾಸಿ. ಹಿಂದೆ ಕೊಕ್ಕೆ ಹಾಕಿಸಿ ಒಂದು ಸಣ್ಣ ಟ್ರೇಲರ್ ಕಟ್ಟಿದರು. ಟ್ರೇಲರ್ ತೋಟದ ಒಳಗೆ ಮಾತ್ರ, ರೋಡಿಗೆ ತರುವುದಿಲ್ಲ.

ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತುಂಟಲ್ಲ. ತೋಟ ಕೆಳಗೆ, ಮನೆ ಮತ್ತು ಅಂಗಳ ಮೇಲೆ. ಅಡಿಕೆ ಗೊನೆ, ತೆಂಗಿನಕಾಯಿ ಎಲ್ಲ ಕೆಳಗಿನಿಂದ ಮೇಲೆ ಬರಬೇಕು. ಮಾವನ ಮನೆಯ ಏರು ಸುಮಾರು 300 ಮೀಟರ್, ಪೂರ್ತಿ ಮಣ್ಣು ಮತ್ತು ಕಲ್ಲು. ನಾವು ಫೋನಿನ ಆ್ಯಪ್ ಇಟ್ಟು ಅಳೆದೆವು: ಆರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ.

ಕಳೆದ ಕೊಯ್ಲಿನಲ್ಲಿ ಸಮಸ್ಯೆ ಶುರುವಾಯಿತು. ಮೂರು ಟ್ರಿಪ್ ಸರಿ ಇರುತ್ತದೆ. ನಾಲ್ಕನೆಯದರಲ್ಲಿ ಗೇರ್ ಬೀಳುವಾಗ ಜರ್ಕ್, ಐದನೆಯದರಲ್ಲಿ ಸುಟ್ಟ ವಾಸನೆ, ಡ್ಯಾಶಿನಲ್ಲಿ ಲೈಟ್. ಅರ್ಧ ಗಂಟೆ ನಿಲ್ಲಿಸಿದರೆ ಎಲ್ಲ ಸರಿ. ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೇಳಿದರೆ, ಹೀಗೇ ಓಡಿಸಿದರೆ ಗೇರ್‌ಬಾಕ್ಸ್ ಬಿಚ್ಚಬೇಕಾಗ್ತದೆ, ಒಂದೂವರೆ ಲಕ್ಷ ಇಟ್ಟುಕೊಳ್ಳಿ ಅಂದರು. ಅತ್ತೆ "ಮಾರಿ ಬಿಡಿ, ಸಾಕು" ಅಂದರು. ಮಾವ ಏನೂ ಹೇಳಲಿಲ್ಲ. ಬಸ್ ಸ್ಟಾಪ್ ಮೂರು ಕಿಲೋಮೀಟರ್ ದೂರ. ದಿನಾ ಬೆಳಿಗ್ಗೆ ಹಾಲಿನ ಸೊಸೈಟಿಗೆ ಅವರೇ ಗಾಡಿ ಬಿಟ್ಟುಕೊಂಡು ಹೋಗುತ್ತಾರೆ, ಅಲ್ಲಿ ನಾಲ್ಕು ಜನರ ಹತ್ತಿರ ಮಾತಾಡಿ ಬರುತ್ತಾರೆ. ಗಾಡಿ ಹೋದರೆ ಅದೂ ಹೋಯಿತು. ಅವರಿಗೆ ಬಿಡಲಿಕ್ಕೆ ಆಗುವ ಗಾಡಿ ಅದೊಂದೇ.

ಟ್ರಾನ್ಸ್‌ಮಿಷನ್ ಕೂಲರ್ ಹಾಕಿಸಿದರೆ ಆಗಬಹುದು ಅಂತ ಪುತ್ತೂರಿನ ಗ್ಯಾರೇಜಿನ ಅಣ್ಣ ಹೇಳಿದ್ದರು. ಯಾವುದು, ಎಷ್ಟು ದೊಡ್ಡದು, ಎಲ್ಲಿ ಕೂರಿಸುವುದು ಅಂತ ನೋಡುವ ಕೆಲಸ ನಮಗೆ ಬಂತು. ಎಂಜಿನಿಯರಿಂಗ್ ಓದ್ತಾ ಇದ್ದೀರಲ್ಲ ಮಾರಾಯ್ರೆ, ಅದಕ್ಕಾದರೂ ಆಗಲಿ ಅಂತ.

ಮೊದಲು ಕೇಳಬೇಕಾದ ಪ್ರಶ್ನೆ: ಮಾವನ ಹಳೆಯ ಜೀಪಿಗೆ ಈ ಕೂಲರ್ ಯಾಕೆ ಬೇಕಿರಲಿಲ್ಲ? ಅದೇ ಏರು, ಅದೇ ಟ್ರೇಲರ್. ಸುಳ್ಯ, ಸುಬ್ರಹ್ಮಣ್ಯ ಕಡೆಯ ಸರ್ವಿಸ್ ಜೀಪುಗಳಲ್ಲಿ ಹಿಂದೆ ನೇತಾಡಿಕೊಂಡು ಹೋದವರು ನಮ್ಮ ಕಾಲೇಜಲ್ಲೇ ಬೇಕಾದಷ್ಟು ಜನ ಇದ್ದೀರಿ. ಅಷ್ಟು ಲೋಡ್ ಹೊತ್ತ ಆ ಜೀಪಿನ ಗೇರ್‌ಬಾಕ್ಸಿಗೆ ಯಾವ ಕೂಲರ್ ಇತ್ತು? ಇಲ್ಲ. ಯಾಕೆಂದರೆ ಕ್ಲಚ್ ಬಿಟ್ಟ ಮೇಲೆ ಇಂಜಿನ್ ಮತ್ತು ಗೇರ್ ಒಂದೇ ಶಾಫ್ಟಿನ ಹಾಗೆ ತಿರುಗುತ್ತವೆ. ಹಲ್ಲಿಗೆ ಹಲ್ಲು ಉಜ್ಜಿ ಹೋಗುವ ಶಕ್ತಿ ನೂರಕ್ಕೆ ಕೆಲವೇ ಪಾಲು. ಆ ಬಿಸಿ ದಪ್ಪ ಗೇರ್ ಆಯಿಲಿಗೆ ಬಂದು, ಅಲ್ಲಿಂದ ಗೇರ್‌ಬಾಕ್ಸಿನ ಮೈಯಿಂದಲೇ ಗಾಳಿಗೆ ಹೋಗುತ್ತದೆ.

ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಇಂಜಿನ್ನಿಗೂ ಗೇರಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಕಡೆಗೋಲಿನಿಂದ ಮಜ್ಜಿಗೆ ಕಡೆಯುವುದನ್ನು ನೆನಪು ಮಾಡಿಕೊಳ್ಳಿ. ಕಡೆಗೋಲು ತಿರುಗಿದರೆ ಮಜ್ಜಿಗೆ ತಿರುಗುತ್ತದೆ, ಮಜ್ಜಿಗೆ ಜೋರಾಗಿ ತಿರುಗಿದರೆ ಪಾತ್ರೆಯೂ ಸುತ್ತಲಿಕ್ಕೆ ನೋಡುತ್ತದೆ. ಇಂಜಿನ್ ಕಡೆಗೋಲು, ಗೇರ್‌ಬಾಕ್ಸ್ ಪಾತ್ರೆ, ನಡುವೆ ಆಯಿಲ್. ಜರ್ಮನಿಯ ಹರ್ಮನ್ ಫಾಟಿಂಗರ್ ಇದಕ್ಕೆ 1905ರಲ್ಲಿ ಪೇಟೆಂಟ್ ತೆಗೆದುಕೊಂಡದ್ದು ಹಡಗಿಗಾಗಿ. ಕಾರಿಗೆ ಬಂದದ್ದು ಆಮೇಲೆ. ಇದರ ಗುಣ ಏನೆಂದರೆ ಗಾಡಿ ನಿಂತೇ ಇದ್ದರೂ ಇಂಜಿನ್ ಆಫ್ ಆಗುವುದಿಲ್ಲ, ಮೂವ್ ಆಗುವಾಗ ಟಾರ್ಕ್ ಹೆಚ್ಚು ಮಾಡಿ ಕೊಡುತ್ತದೆ. ದೋಷವೂ ಅಲ್ಲೇ ಇದೆ: ಕಡೆಗೋಲು ವೇಗವಾಗಿ, ಪಾತ್ರೆ ನಿಧಾನವಾಗಿ ತಿರುಗಿದರೆ ನಡುವಿನ ವ್ಯತ್ಯಾಸ ಎಲ್ಲ ಆಯಿಲನ್ನು ಬಿಸಿ ಮಾಡುತ್ತದೆ. ಸ್ಪೀಡ್ ಬಂದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಒಂದು ಮಾಡುತ್ತದೆ, ಆಗ ಜಾರುವುದಿಲ್ಲ. ಆದರೆ ತೋಟದ ಏರಿನಲ್ಲಿ ಎಂಟು ಕಿಲೋಮೀಟರ್ ಸ್ಪೀಡಿನಲ್ಲಿ ಲಾಕ್ ಎಲ್ಲಿಂದ ಆಗುವುದು?

ಥರ್ಮೊ ಕ್ಲಾಸಿನಲ್ಲಿ ನಿದ್ದೆ ಬಂದವರೂ ಈ ಲೆಕ್ಕವನ್ನು ಓದಬಹುದು, ಸಣ್ಣದು. ಗಾಡಿ, ಟ್ರೇಲರ್, ಲೋಡ್ ಸೇರಿ 3,300 ಕೆಜಿ ಅಂತ ಇಟ್ಟುಕೊಂಡೆವು. ಆರಕ್ಕೆ ಒಂದರ ಏರು, ಗಂಟೆಗೆ 8 ಕಿಲೋಮೀಟರ್. ಬರೀ ಮೇಲೆ ಎತ್ತಲಿಕ್ಕೇ ಸುಮಾರು 12 ಕಿಲೋವ್ಯಾಟ್ ಬೇಕು. ಅಷ್ಟು ಜಾರುವಾಗ ಕನ್ವರ್ಟರಿನ ಎಫಿಷಿಯನ್ಸಿ 60 ಪರ್ಸೆಂಟ್ ಅಂತ ಹಿಡಿದರೆ ಒಳಗೆ ಹೋಗಬೇಕಾದ್ದು 20 ಕಿಲೋವ್ಯಾಟ್. ಉಳಿದ 8 ಕಿಲೋವ್ಯಾಟ್ ಆಯಿಲಿಗೆ ಬಿಸಿ. ಹಾಸ್ಟೆಲಿನ 2 ಕಿಲೋವ್ಯಾಟಿನ ಗೀಸರ್ ನಾಲ್ಕನ್ನು ಒಟ್ಟಿಗೆ ಗೇರ್‌ಬಾಕ್ಸಿನ ಒಳಗೆ ಆನ್ ಮಾಡಿ ಇಟ್ಟ ಹಾಗೆ. ಏರು ಮುಗಿಯಲಿಕ್ಕೆ ಎರಡೂಕಾಲು ನಿಮಿಷ. ಒಳಗಿರುವ 9 ಲೀಟರ್ ಆಯಿಲ್ ಮಾತ್ರ ಆ ಬಿಸಿ ಕುಡಿದರೆ ಒಂದೇ ಟ್ರಿಪ್ಪಿಗೆ ಹೆಚ್ಚುಕಡಿಮೆ 70 ಡಿಗ್ರಿ ಏರಬೇಕು. ಗೇರ್‌ಬಾಕ್ಸಿನ ಮೈ ಮತ್ತು ರೇಡಿಯೇಟರ್ ಪಾಲು ತೆಗೆದುಕೊಳ್ಳುವುದರಿಂದ ಅಷ್ಟು ಏರುವುದಿಲ್ಲ. ಆದರೆ ಒಂದರ ಹಿಂದೆ ಒಂದು ಟ್ರಿಪ್ ಹೊಡೆದರೆ ಪಾಲು ತೆಗೆದುಕೊಳ್ಳುವವರೂ ಬಿಸಿಯಾಗಿ ಕೂತಿರುತ್ತಾರೆ.

ಈ ಆಯಿಲ್ 80ರಿಂದ 95 ಡಿಗ್ರಿಯಲ್ಲಿ ಸುಖವಾಗಿರುತ್ತದೆ. 120 ದಾಟಿದರೆ ಬೇಗ ಹಾಳಾಗುತ್ತದೆ, ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗುತ್ತದೆ, ಕ್ಲಚ್ ಪ್ಲೇಟಿನ ಪದರ ಸುಡುತ್ತದೆ. ಮಾವನ ಗಾಡಿಯಲ್ಲಿ ಎಷ್ಟಾಗುತ್ತದೆ ಅಂತ ನೋಡಲಿಕ್ಕೆ ಬ್ಲೂಟೂತ್ ಒಬಿಡಿ ರೀಡರ್ ಚುಚ್ಚಿ ಫೋನಿನಲ್ಲಿ ಓದಿದೆವು. ಕೊರೋನ ಸಮಯದ್ದು ಥರ್ಮಾಮೀಟರ್ ಗನ್ ಮನೆಯಲ್ಲಿ ಉಂಟು ಅಂತ ಅತ್ತೆ ತಂದುಕೊಟ್ಟರು. ಪಾಪ, ಅದು ಮನುಷ್ಯನ ಜ್ವರದಿಂದ ಮೇಲೆ ಓದುವುದಿಲ್ಲ. ಒಬಿಡಿಯಲ್ಲಿ ಬಂದದ್ದು: ಮನೆಯಿಂದ ಹೊರಡುವಾಗ 82, ಎರಡನೇ ಟ್ರಿಪ್ ಮುಗಿದಾಗ 109, ನಾಲ್ಕನೆಯದಕ್ಕೆ 128. ಅಲ್ಲಿಗೇ ನಿಲ್ಲಿಸಿದೆವು.

ಕೂಲರ್ ಆರ್ಡರ್ ಮಾಡುವ ಮೊದಲು ನಮ್ಮಲ್ಲಿ ಸುಳ್ಯದವನ ದೊಡ್ಡಪ್ಪನಿಗೆ ಫೋನ್ ಮಾಡಿದೆವು. ಅವರು ಕೊಲ್ಲಮೊಗ್ರು ಕಡೆ ವರ್ಷಗಟ್ಟಲೆ ಸರ್ವಿಸ್ ಜೀಪು ಓಡಿಸಿದವರು. ಆಟೊಮ್ಯಾಟಿಕ್ ಗಾಡಿಯನ್ನು ಅವರು ಮುಟ್ಟಿದವರೇ ಅಲ್ಲ. ಪೂರ್ತಿ ಕೇಳಿ ಒಂದೇ ಮಾತು ಕೇಳಿದರು: "ಲೋ ಹಾಕ್ತಾರಾ ಅವರು?"

ಹಾಕುವುದಿಲ್ಲ. ಗಾಡಿ ತಂದು ಎರಡು ವರ್ಷವಾದರೂ ಮಾವ ಆ ನಾಬನ್ನು 4 ಲೋಗೆ ತಿರುಗಿಸಿದ್ದೇ ಇಲ್ಲ. ಅದು ಕೆಸರಿನಲ್ಲಿ ಹೂತು ಹೋದಾಗ ಮಾತ್ರ, ಸುಮ್ಮನೆ ಹಾಕಿದರೆ ಡೀಸೆಲ್ ಕುಡಿಯುತ್ತದೆ ಅಂತ ಮಾರಿದವರು ಹೇಳಿದ್ದರಂತೆ.

ದೊಡ್ಡಪ್ಪ ಹೇಳಿದ್ದು ಜೀಪಿನ ಕ್ಲಚ್ ಉಳಿಸುವ ಉಪಾಯ: "ಏರಿನಲ್ಲಿ ಅರ್ಧ ಕ್ಲಚ್ಚಲ್ಲಿ ಎಳೀಲಿಕ್ಕಿಲ್ಲ ಮಗಾ. ಲೋ ಹಾಕು, ಕ್ಲಚ್ ಪೂರಾ ಬಿಡು, ಅದರಷ್ಟಕ್ಕೆ ಹೋಗ್ತದೆ." ನಾವು ಫೋನ್ ಇಟ್ಟು ನೋಡಿದರೆ ಇದು ಟಾರ್ಕ್ ಕನ್ವರ್ಟರಿಗೂ ಅಕ್ಷರಕ್ಷರ ಸರಿ. ಲೋ ರೇಂಜಿನಲ್ಲಿ ಚಕ್ರ ಅದೇ 8 ಕಿಲೋಮೀಟರ್ ಸ್ಪೀಡಿನಲ್ಲಿ ಇರುವಾಗ ಗೇರ್‌ಬಾಕ್ಸ್ ಎರಡೂವರೆ ಪಟ್ಟು ಹತ್ತಿರ ವೇಗವಾಗಿ ತಿರುಗುತ್ತದೆ, ಅದರ ಮೇಲೆ ಬೀಳುವ ಟಾರ್ಕ್ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಅಂದರೆ ಪಾತ್ರೆಯೂ ಕಡೆಗೋಲಿನ ಹತ್ತಿರ ಹತ್ತಿರ ಸ್ಪೀಡಿನಲ್ಲಿ ತಿರುಗುತ್ತದೆ. ಜಾರುವುದು ಕಡಿಮೆ, ಬಿಸಿ ಹುಟ್ಟುವುದೇ ಕಡಿಮೆ. ಕ್ಲಾಸಿನಲ್ಲಿ ಸ್ಪೀಡ್ ರೇಶಿಯೊ ಮತ್ತು ಎಫಿಷಿಯನ್ಸಿಯ ಗ್ರಾಫ್ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆವು. ದೊಡ್ಡಪ್ಪನ ಅರ್ಧ ಕ್ಲಚ್ ಅಂದರೆ ಆ ಗ್ರಾಫಿನ ಎಡಭಾಗ.

ಮರುದಿನ ಮಾವನಿಗೆ ಲೋ ಹಾಕಿಸಿ ಅದೇ ನಾಲ್ಕು ಟ್ರಿಪ್. 128 ಇದ್ದದ್ದು 108ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ. (ಮಣ್ಣಿನ ದಾರಿ ಆದ್ದರಿಂದ ಸರಿ. ಇಂಥ ಗಾಡಿಯಲ್ಲಿ ಒಣ ಟಾರಿನಲ್ಲಿ ಅಥವಾ ಕಾಂಕ್ರೀಟಿನಲ್ಲಿ 4 ಲೋ ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರ ಒಂದಕ್ಕೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು.)

ಹಾಗಾದರೆ ಕೂಲರ್ ಬೇಡವಾ? ಬೇಕು. ಕೊಯ್ಲಿನ ದಿನ ನಾಲ್ಕು ಟ್ರಿಪ್ಪಿಗೆ ಮುಗಿಯುವುದಿಲ್ಲ, ಹತ್ತು ಹನ್ನೆರಡು ಆಗುತ್ತದೆ. ಸುಳ್ಯದಿಂದ ಮಡಿಕೇರಿಗೆ ಸಂಪಾಜೆ ಘಾಟಿ ಹತ್ತುವಾಗ ಟಾರು ರೋಡಿನಲ್ಲಿ ಲೋ ಹಾಕುವ ಹಾಗಿಲ್ಲ. 15 ವರ್ಷ ಹಳೆಯ ಗೇರ್‌ಬಾಕ್ಸಿಗೆ 108 ಕೂಡ ಒಳ್ಳೆಯದಲ್ಲ. ಆದರೆ ಈಗ ಬೇಕಾದ ಕೂಲರ್ ಎಷ್ಟು ದೊಡ್ಡದು ಅನ್ನುವ ಪ್ರಶ್ನೆಯೇ ಬದಲಾಯಿತು. ನಾಲ್ಕು ಗೀಸರಿನ ಬಿಸಿಗೆ ಹುಡುಕುತ್ತಿದ್ದವರು ಎರಡು ಗೀಸರಿನ ಬಿಸಿಗೆ ಹುಡುಕಿದರೆ ಸಾಕು.

ಕೂಲರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಉದ್ದದ ಒಂದೇ ಪೈಪನ್ನು ಹಾವಿನ ಹಾಗೆ ಮಡಚಿ ಮೇಲೆ ಫಿನ್ ಹಾಕಿದ್ದು. ಇದು ಅಗ್ಗ, ಆದರೆ ಆಯಿಲೆಲ್ಲ ಆ ಒಂದೇ ದಾರಿಯಲ್ಲಿ ನುಗ್ಗಬೇಕು. ಇನ್ನೊಂದು, ಚಪ್ಪಟೆ ಪ್ಲೇಟುಗಳನ್ನು ಒಂದರ ಮೇಲೆ ಒಂದು ಪೇರಿಸಿದ್ದು. ಆಯಿಲ್ ಎಲ್ಲ ಪ್ಲೇಟಿನಲ್ಲೂ ಒಟ್ಟಿಗೆ ಹರಿಯುತ್ತದೆ, ಅಡ್ಡಿ ಕಡಿಮೆ, ಅದೇ ಜಾಗದಲ್ಲಿ ಹೆಚ್ಚು ಬಿಸಿ ಬಿಡುತ್ತದೆ. ನಾವು ಎರಡನೆಯದನ್ನು ತೆಗೆದುಕೊಂಡೆವು, ಸುಮಾರು ಒಂದು ಎ4 ಹಾಳೆಯಷ್ಟು ದೊಡ್ಡದು. ಚಳಿ ದೇಶಗಳಲ್ಲಿ ಆಯಿಲ್ ಬೆಚ್ಚಗಾಗುವವರೆಗೆ ಕೂಲರಿಗೆ ಹೋಗದ ಹಾಗೆ ಥರ್ಮೋಸ್ಟಾಟ್ ಬೇರೆ ಹಾಕುತ್ತಾರೆ. ಪುತ್ತೂರಿನಲ್ಲಿ ಸ್ವೆಟರ್ ಹಾಕುವ ಚಳಿ ಬೀಳುವುದೇ ಅಪರೂಪ. ಅದನ್ನು ಬಿಟ್ಟೆವು.

ಮುಂದಿನ ಪ್ರಶ್ನೆ ಗಾಳಿಯದ್ದು. ಕೂಲರ್ ಅಂದರೆ ಬಿಸಿಯನ್ನು ಗಾಳಿಗೆ ಎಸೆಯುವ ಜಾಗ, ಗಾಳಿ ಇಲ್ಲದಿದ್ದರೆ ಅದು ಬರೀ ಅಲ್ಯುಮಿನಿಯಂ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನಿನಿಂದ ಸಕಲೇಶಪುರದ ಕಡೆ ಹೋಗುವ ರೈಲು ಘಾಟಿ 50ಕ್ಕೆ 1ರ ಏರು, ದಾರಿಯಲ್ಲಿ 57 ಸುರಂಗ. ಇಂಥ ಘಾಟಿ ಇಳಿಯುವ ಡೀಸೆಲ್ ಇಂಜಿನ್ ಬ್ರೇಕ್ ಹಿಡಿಯುವಾಗ ಮೋಟಾರುಗಳನ್ನೇ ಜನರೇಟರ್ ಮಾಡಿ, ಬಂದ ಕರೆಂಟನ್ನು ರೆಸಿಸ್ಟರಿನಲ್ಲಿ ಸುಡುತ್ತದೆ. ಆ ರೆಸಿಸ್ಟರಿಗೆ ಪ್ರತ್ಯೇಕ ಬ್ಲೋವರ್ ಇರುತ್ತದೆ. ನಿಧಾನ ಹೋಗುವ ಗಾಡಿಗೆ ತನ್ನಷ್ಟಕ್ಕೆ ಬೀಸುವ ಗಾಳಿ ಸಾಲದು ಅಂತ ಅದಕ್ಕೆ ಗೊತ್ತು. ಮಾವನ ಗಾಡಿ ತೋಟದಲ್ಲಿ ಹೋಗುವುದು ಮನುಷ್ಯ ಓಡುವ ಸ್ಪೀಡಿನಲ್ಲಿ. ಹಾಗಾಗಿ ಚಾಸಿಯ ಅಡಿಯಲ್ಲಿ ಎಲ್ಲೋ ನೇತು ಹಾಕಿದರೆ ಪ್ರಯೋಜನವಿಲ್ಲ, ಅಲ್ಲಿ ಕೆಸರು ಬೇರೆ. ರೇಡಿಯೇಟರಿನ ಎದುರು ಹಾಕಿದರೆ ಇಂಜಿನ್ನಿನ ಫ್ಯಾನ್ ಗಾಳಿ ಎಳೆಯುತ್ತದೆ. ಅಲ್ಲಿ ಎಸಿ ಕಂಡೆನ್ಸರ್ ಮೊದಲೇ ಕೂತಿದೆ. ಅದರ ಎದುರು ಒಂದು ಬೆರಳು ಸಂದು ಬಿಟ್ಟು, ಕಬ್ಬಿಣದ ಪಟ್ಟಿಯ ಬ್ರಾಕೆಟ್ ಮಾಡಿಸಿ ಚಾಸಿಯ ಅಡ್ಡ ಪಟ್ಟಿಗೆ ಬೋಲ್ಟ್ ಹಾಕಿದೆವು. ಕಿಟ್ಟಿನ ಜೊತೆ ಫಿನ್ ಒಳಗೆ ತೂರಿಸಿ ಕಟ್ಟುವ ಪ್ಲಾಸ್ಟಿಕ್ ಟೈ ಬಂದಿತ್ತು. ಗ್ಯಾರೇಜಣ್ಣ ಅದನ್ನು ನೋಡಿ ನಗಾಡಿ ಆಚೆ ಇಟ್ಟರು. ನಮ್ಮ ರೋಡಿನ ಅಲುಗಾಟಕ್ಕೆ ಅದು ಕಂಡೆನ್ಸರನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆ ಆದದ್ದು ರೇಡಿಯೇಟರಿನ ಬಗ್ಗೆ. ಕಂಪೆನಿಯಿಂದಲೇ ರೇಡಿಯೇಟರಿನ ಒಂದು ಬದಿಯ ಟ್ಯಾಂಕಿನ ಒಳಗೆ ಸಣ್ಣ ಆಯಿಲ್ ಕೂಲರ್ ಇರುತ್ತದೆ, ಅದನ್ನು ತಂಪು ಮಾಡುವುದು ಕೂಲೆಂಟ್. ಅದು ಒಡೆದರೆ ಕೂಲೆಂಟ್ ಮತ್ತು ಆಯಿಲ್ ಬೆರೆತು ಸ್ಟ್ರಾಬೆರಿ ಮಿಲ್ಕ್‌ಶೇಕ್ ಆಗುತ್ತದೆ, ಗೇರ್‌ಬಾಕ್ಸ್ ಅಲ್ಲಿಗೆ ಮುಗಿಯಿತು. ಹಳೆಯ ರೇಡಿಯೇಟರ್ ಆದ್ದರಿಂದ ಅದನ್ನು ಬಿಟ್ಟು ಹೊಸ ಕೂಲರ್ ಮಾತ್ರ ಇಡುವಾ ಅಂತ ನಮ್ಮಲ್ಲಿ ಒಬ್ಬ. ಬೇಡ, ಮೊದಲು ರೇಡಿಯೇಟರ್, ಆಮೇಲೆ ಹೊಸ ಕೂಲರ್, ಆಮೇಲೆ ಗೇರ್‌ಬಾಕ್ಸ್ ಅಂತ ಸಾಲಾಗಿ ಕೊಡುವಾ ಅಂತ ಇನ್ನೊಬ್ಬ. ಮಾವ ಹೋಗುವ ಸ್ಪೀಡೇ ಇದನ್ನು ತೀರ್ಮಾನ ಮಾಡಿತು. ನಿಧಾನದಲ್ಲಿ ಗಾಳಿಗಿಂತ ನೀರು ಬಿಸಿಯನ್ನು ಬೇಗ ಹೊರುತ್ತದೆ, ಆ ಸಹಾಯವನ್ನು ಬಿಡುವ ಹಾಗಿಲ್ಲ. ಒಡೆಯುವ ಹೆದರಿಕೆಗೆ ಮದ್ದು ರೇಡಿಯೇಟರ್ ಬದಲಿಸುವುದು. ಮಾವ ಒಪ್ಪಿದರು. ಹೊಸ ರೇಡಿಯೇಟರ್ ಸೇರಿ ಖರ್ಚು ಕೂಲರಿಗಿಂತ ಎರಡು ಪಟ್ಟಾಯಿತು. ಆದರೂ ವರ್ಕ್‌ಶಾಪ್ ಹೇಳಿದ ಒಂದೂವರೆ ಲಕ್ಷದ ಕಾಲು ಭಾಗಕ್ಕಿಂತ ಕಡಿಮೆ.

ಪುತ್ತೂರಿನ ಗ್ಯಾರೇಜಿನಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ವಾಪಸ್ ಹೋಗುವ ಲೈನ್ ಯಾವುದು ಅಂತ ಮೊದಲು ತಿಳಿಯಬೇಕು. ಗಾಡಿ ಸ್ಟಾರ್ಟ್ ಮಾಡಿ ಬೆಚ್ಚಗಾದ ಮೇಲೆ ಎರಡೂ ಪೈಪಿನ ಹತ್ತಿರ ಕೈ ಹಿಡಿದು ಗ್ಯಾರೇಜಣ್ಣ ಹೇಳಿದರು: ಬಿಸಿ ಇರುವುದು ಬರುವ ಲೈನ್, ಅದಕ್ಕಿಂತ ಕಡಿಮೆ ಬಿಸಿ ಇರುವುದು ಹೋಗುವ ಲೈನ್. ಒಬಿಡಿಯೂ ಬೇಡ, ಗನ್ನೂ ಬೇಡ. ಖಾತ್ರಿಗೆ ಆ ಲೈನ್ ಬಿಚ್ಚಿ, ತುದಿಯನ್ನು ಬಾಟಲಿಗೆ ಬಿಟ್ಟು ಎರಡು ಸೆಕೆಂಡ್ ಸ್ಟಾರ್ಟ್ ಮಾಡಿ ನೋಡಿದೆವು. ಹೋಸಿನಲ್ಲಿ ಚೌಕಾಸಿ ಇಲ್ಲ. ನೀರಿನ ಹೋಸ್ ಹಾಕಿದರೆ ಬಿಸಿ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ, ಟ್ರಾನ್ಸ್‌ಮಿಷನ್ ಆಯಿಲಿಗೇ ಅಂತ ಬರೆದದ್ದೇ ಆಗಬೇಕು. ಸೈಲೆನ್ಸರ್ ಪೈಪಿನಿಂದಲೂ ಬೆಲ್ಟಿನಿಂದಲೂ ದೂರ ಹಾಯಿಸಬೇಕು. ಕೂಲರಿನ ಬಾಯಿ ಮೇಲಕ್ಕೆ ಇರುವ ಹಾಗೆ ಕೂರಿಸಿದರೆ ಒಳಗೆ ಗಾಳಿ ಸಿಕ್ಕಿಬೀಳುವುದಿಲ್ಲ.

ಆಯಿಲ್ ಪೂರ್ತಿ ಬದಲಿಸಿದೆವು, ಮಾನ್ಯುಯಲಿನಲ್ಲಿ ಹೇಳಿದ ಸ್ಪೆಸಿಫಿಕೇಶನ್ ನೋಡಿ. ಹಳೆಯದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಆದರೆ ಕೆಳಗಿನ ಪ್ಯಾನಿನಲ್ಲಿ ಕಬ್ಬಿಣದ ಚೂರು ಇರಲಿಲ್ಲ. ಗ್ಯಾರೇಜಣ್ಣ ಪ್ಯಾನಿನ ಮ್ಯಾಗ್ನೆಟ್ ಒರೆಸಿ, ಬೆರಳಿಗೆ ಹತ್ತಿದ ಕಪ್ಪು ಪೇಸ್ಟನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮಾವ ಅವರ ಮುಖ ನೋಡುತ್ತಾ ನಿಂತಿದ್ದರು. "ಇಷ್ಟು ವರ್ಷದ್ದಕ್ಕೆ ಇದು ಸಹಜ, ಬದುಕಿದೆ" ಅಂದ ಮೇಲೆ ಮಾವ ಸ್ಟೂಲಿನಲ್ಲಿ ಕೂತರು. ಚೂರು ಸಿಕ್ಕಿದ್ದರೆ ಯಾವ ಕೂಲರಿನಿಂದಲೂ ಪ್ರಯೋಜನ ಇರಲಿಲ್ಲ. ಸುಟ್ಟು ಹೋದ ಕ್ಲಚ್ ಪ್ಲೇಟನ್ನು ತಂಪು ಮಾಡಿದರೆ ಅದು ತಣ್ಣಗಿನ ಸುಟ್ಟ ಪ್ಲೇಟ್, ಅಷ್ಟೇ. ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಓಡುತ್ತಿರುವಾಗ, ಆಯಿಲ್ ಹೇಳಿದ ಟೆಂಪರೇಚರಿಗೆ ಬಂದಾಗ, ಅಡಿಯ ಪ್ಲಗ್ ಬಿಚ್ಚಿ ಲೆವೆಲ್ ನೋಡಬೇಕು. ಹೊಸ ಕೂಲರ್ ಮತ್ತು ಹೋಸ್ ತುಂಬಲಿಕ್ಕೆ ಅರ್ಧ ಲೀಟರ್ ಹೆಚ್ಚು ಬೇಕಾಯಿತು.

ಈಗಿನ ಲೆಕ್ಕ: ಲೋ ಹಾಕಿ, ಕೂಲರ್ ಇದ್ದು, ಎಂಟು ಟ್ರಿಪ್ ಆದ ಮೇಲೆ 94. ಸಂಪಾಜೆ ಘಾಟಿಯಲ್ಲಿ ಡಿಯಲ್ಲಿ ಬಿಡದೆ ಕೈಯಲ್ಲಿ ಮೂರನೇ ಗೇರಿಗೆ ಹಾಕಿ ಹತ್ತಿದಾಗ ಅತಿ ಹೆಚ್ಚು ಅಂದರೆ 96. ಮಾವ ಈಗ ಫೋನಿನಲ್ಲಿ ಆ ನಂಬರ್ ನೋಡುವುದನ್ನು ಕಲಿತಿದ್ದಾರೆ. ಸೊಸೈಟಿಯಲ್ಲಿ ಎಲ್ಲರಿಗೂ ತೋರಿಸಿದ್ದಾರಂತೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂತು, ಬರೀ "91" ಅಂತ.

ಕೆಲಸ ಪೂರ್ತಿ ಮುಗಿದಿಲ್ಲ. ಒಣಗಿದ ಅಡಿಕೆ ಸೋಗೆಯ ಚೂರು, ಹುಲ್ಲಿನ ಬೀಜ ಎಲ್ಲ ಹಾರಿ ಬಂದು ಫಿನ್ನಿನ ನಡುವೆ ಕೂರುತ್ತದೆ. ಎದುರಿಗೆ ಸೊಳ್ಳೆ ಬಲೆ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಹಾಕದಿದ್ದರೆ ಕಸ. ಸದ್ಯಕ್ಕೆ ದೊಡ್ಡ ಕಣ್ಣಿನ ಕೋಳಿ ಬಲೆ ಹಾಕಿ, ತಿಂಗಳಿಗೊಮ್ಮೆ ಹಿಂದಿನಿಂದ ಮೆಲ್ಲ ನೀರು ಬಿಟ್ಟು ತೊಳೆಯುತ್ತಿದ್ದೇವೆ. ಮಳೆಗಾಲದಲ್ಲಿ ಇಲಿ ಹೋಸಿನ ರಬ್ಬರ್ ಕಡಿಯುತ್ತದಾ ಅಂತಲೂ ನೋಡಬೇಕು. ಮಳೆ ಶುರುವಾಗುವ ಮೊದಲು ಕ್ಲಾಂಪ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಲಿಕ್ಕೆ ಕಡಬಕ್ಕೆ ಹೋಗುತ್ತೇವೆ. ಬರುವವರಿದ್ದರೆ ಹೇಳಿ, ಗಾಡಿಯಲ್ಲಿ ಜಾಗ ಉಂಟು. ಅತ್ತೆ ಪತ್ರೊಡೆ ಮಾಡುತ್ತಾರೆ.